ಎರರ್ ನಾಣ್ಯ ಕೂಡಿಸಾಕ ಹೊಸಬ: ಈ ಆರರೊಳಗ ಖರೇ ಟಂಕಸಾಲೆ ತಪ್ಪು ಯಾವುದು?

ನವನಗರ ಚಿಲ್ಲರೆ, ಬಾಗಲಕೋಟೆ

ನಮಸ್ಕಾರ್ರಿ ಎಲ್ಲರಿಗೂ. ದಿನದ ಚಿಲ್ಲರೆಯೊಳಗ ಬರೋ ನಾಣ್ಯಗಳಲ್ಲಿ ತಪ್ಪಾಗಿ ಅಚ್ಚಾದವು, ಅಚ್ಚಿನ ಸಣ್ಣ ಭೇದ ಇರುವವು ಇವನ್ನ ಕೂಡಿಸಬೇಕಂತ ಹೊರಟೀನಿ. ಸದ್ಯಕ್ಕ ಮುಖಬೆಲೆಗಿಂತ ಹೆಚ್ಚು ರೊಕ್ಕ ಹಾಕೂದಿಲ್ಲ. ಕೈಯಾಗ ಆರು ನಾಣ್ಯ ಅದಾವ:

1. ಹಳದಿ 5 ರೂಪಾಯಿ. 5 ಅಂಕಿಯ ಬುಡದಿಂದ ಅಂಚಿನ ತನಕ ಕೂದಲಿನಂಥ ಗೆರೆ.
2. 1 ರೂಪಾಯಿ ಸ್ಟೀಲ್, 1995. ಸಿಂಹ ನೆಟ್ಟಗ ಇಟ್ಟು ತಿರುವಿದ್ರ ಹಿಂದಿನ ಮುಖ ವಾಲಿರ್ತದ.
3. 10 ರೂಪಾಯಿ. ನಡುವಿನ ಬಿಳಿ ತುಂಡು ಒಂದು ಬದಿಗೆ ಸರಿದೈತಿ, ಹಳದಿ ಬಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು.
4. 1 ರೂಪಾಯಿ, 2001. ಇಸವಿಯ ಅಂಕಿ ಎರಡೆರಡು ಸಲ ಬರೆದಂಗ ಕಾಣ್ತಾವ.
5. 1 ರೂಪಾಯಿ, 1994. ಪೂರ್ತಿ ತಾಮ್ರದ ಬಣ್ಣ.
6. 2 ರೂಪಾಯಿ. ಇಸವಿ ಕೆಳಗ ಚುಕ್ಕಿನೂ ಇಲ್ಲ, ನಕ್ಷತ್ರನೂ ಇಲ್ಲ.

ಇವುಗಳಲ್ಲಿ ಯಾವುದು ಇಟ್ಟುಕೊಳ್ಳಬೇಕು, ಯಾವುದು ಅಂಗಡಿಗೆ ಕೊಟ್ಟು ಬಿಡಬೇಕು? ಯಾವ ಸಾಮಾನು ತಗೋಬೇಕು? ಅಚ್ಚಿನ ಭೇದ ಅಂದ್ರ ಏನು ಅನ್ನೋದನ್ನೂ ಯಾರಾದ್ರೂ ಬಿಡಿಸಿ ಹೇಳ್ರಿ.

ಗುಮ್ಮಟದ ನೆರಳು, ವಿಜಯಪುರ

ಮೊದಲು ನಾಣ್ಯ ಹುಟ್ಟುವ ದಾರಿ ತಿಳಕೊಳ್ರಿ, ಆರಕ್ಕೂ ಅರ್ಧ ಉತ್ತರ ಅದರಲ್ಲೇ ಅದ. ಟಂಕಸಾಲೆಯಲ್ಲಿ ಲೋಹದ ಉದ್ದನೆ ಪಟ್ಟಿಯಿಂದ ಬಿಲ್ಲೆ ಕತ್ತರಿಸ್ತಾರೆ. ಬಿಲ್ಲೆಯನ್ನ ಕಾಯಿಸಿ ಮೆತ್ತಗೆ ಮಾಡ್ತಾರೆ. ಆಮೇಲೆ ಅಂಚು ಒತ್ತುವ ಯಂತ್ರದಲ್ಲಿ ಉರುಳಿಸಿ ಸುತ್ತಲೂ ಸಣ್ಣ ದಿಂಡು ಎಬ್ಬಿಸ್ತಾರೆ. ಕಡೆಗೆ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತ ಕಾಲರ್ ಅನ್ನೋ ಉಕ್ಕಿನ ಬಳೆ, ಈ ಮೂರರ ನಡುವೆ ಇಟ್ಟು ಒಂದು ಪೆಟ್ಟು. ತಪ್ಪು ಅಂದ್ರೆ ಬಿಲ್ಲೆಯಲ್ಲಿ ಹುಟ್ಟಿರಬೇಕು, ಅಚ್ಚಿನಲ್ಲಿ ಹುಟ್ಟಿರಬೇಕು, ಇಲ್ಲಾ ಪೆಟ್ಟಿನಲ್ಲಿ ಹುಟ್ಟಿರಬೇಕು. ಎಲ್ಲಿ ಹುಟ್ಟಿತು ಅಂತ ಹೇಳಾಕ ಬರದಿದ್ರೆ ಅದನ್ನ ಎರರ್ ಅಂತ ಕರೀಬ್ಯಾಡ್ರಿ. ಟಂಕಸಾಲೆ ಬಿಟ್ಟ ಮೇಲೆ ಬಿದ್ದ ಪೆಟ್ಟು ಅಂತಲೇ ಎಣಿಸ್ರಿ. ಈ ಒಂದು ನಿಯಮ ಹೊಸಬರನ್ನ ಹತ್ತರಲ್ಲಿ ಒಂಬತ್ತು ಮೋಸದಿಂದ ಉಳಿಸ್ತದೆ.

ಈಗ ನಿಮ್ಮ ನಾಣ್ಯಗಳು.

ಒಂದನೇದು: ಗೆರೆ ಉಬ್ಬಿದೆಯೋ ತಗ್ಗಿದೆಯೋ ನೋಡ್ರಿ. ಅಚ್ಚು ಸೀಳಿದ್ದರೆ ಆ ಸೀಳಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬು ಗೆರೆ ಬೀಳ್ತದೆ. ಅದೇ ಡೈ ಕ್ರ್ಯಾಕ್. ತಗ್ಗು ಗೆರೆ ಇದ್ದರೆ ಬಹುತೇಕ ಬರೀ ಗೀರು. ಕಣ್ಣಿಗೆ ಗೊಂದಲ ಆದರೆ ಟೇಬಲ್ ದೀಪವನ್ನ ಒಂದು ಬದಿಯಿಂದ ತಗ್ಗಿಸಿ ಹಿಡೀರಿ. ಉಬ್ಬಿದ ಗೆರೆಯ ನೆರಳು ದೀಪದ ಆಚೆ ಬದಿಗೆ ಬೀಳ್ತದೆ, ತಗ್ಗಿನ ನೆರಳು ದೀಪದ ಕಡೆಯ ದಡದಲ್ಲಿ ಬೀಳ್ತದೆ. ತಗ್ಗಿದ್ದೂ ಟಂಕಸಾಲೆಯದ್ದೇ ಆಗಿರುವ ಒಂದು ಪ್ರಸಂಗ ಅದ: ಅಚ್ಚಿಗೂ ಬಿಲ್ಲೆಗೂ ನಡುವೆ ದಾರ, ಲೋಹದ ಚೂರು ಸಿಕ್ಕಿಕೊಂಡು ಅದರ ಗುರುತು ಒತ್ತಿದ್ದು. ಅಂಥ ತಗ್ಗಿನ ತಳ ನುಣುಪಾಗಿರ್ತದೆ, ದಡದಲ್ಲಿ ಲೋಹ ಎದ್ದಿರೋದಿಲ್ಲ. ಮೊಳೆಯಿಂದ ಗೀರಿದ್ದರೆ ನೇಗಿಲ ಸಾಲಿನಂಗ ಎರಡೂ ದಡಕ್ಕೆ ಲೋಹ ಎದ್ದಿರ್ತದೆ.

ನಿಮ್ಮ ಗೆರೆ ಅಂಚಿನ ತನಕ ಹೋಗಿದೆ ಅಂದ್ರಲ್ಲ, ಉಬ್ಬು ಗೆರೆ ಆಗಿದ್ದರೆ ಅದನ್ನ ಎತ್ತಿಡ್ರಿ. ಒಂದೇ ಕ್ರ್ಯಾಕಿಗೆ ಮುಖಬೆಲೆ ಮೇಲೆ ಏನೂ ಸಿಗೋದಿಲ್ಲ, ಆದರೆ ಅದೇ ಅಚ್ಚಿನ ಇನ್ನೊಂದು ನಾಣ್ಯ ಸಿಕ್ಕರೆ ಕ್ರ್ಯಾಕ್ ಬೆಳೆದಿರ್ತದೆ. ಎರಡು ಕ್ರ್ಯಾಕ್ ಸೇರಿ ಅಚ್ಚಿನ ಅಂಚಿನ ತುಂಡೇ ಉದುರಿದರೆ ನಾಣ್ಯದ ಮೇಲೆ ಆ ಜಾಗದಲ್ಲಿ ವಿನ್ಯಾಸ ಇಲ್ಲದ ಲೋಹದ ಗುಡ್ಡೆ ಬರ್ತದೆ. ಇದಕ್ಕೆ ಕಡ್ ಅಂತಾರೆ, ಇದಕ್ಕೆ ಬೇಡಿಕೆ ಅದ. ಕಡ್ ಖರೇನೋ ಸುಳ್ಳೋ ಅಂತ ಪರೀಕ್ಷೆ ಮಾಡಾಕ ನಾಣ್ಯ ತಿರುವಿ ಅದೇ ಜಾಗದ ಹಿಂಬದಿ ನೋಡ್ರಿ. ಲೋಹ ಗುಡ್ಡೆಯ ಕಡೆ ಹರಿದದ್ದರಿಂದ ಹಿಂಬದಿಯ ಅಕ್ಷರ ಮಸುಕಾಗಿರಬೇಕು. ಹಿಂಬದಿ ಚೂಪಾಗಿ ನಿಂತಿದ್ದರೆ ಗುಡ್ಡೆಯನ್ನ ಯಾರೋ ಬೆಸುಗೆ ಹಾಕಿದ್ದಾರೆ.

ಎರಡನೇದು: ನಮ್ಮ ಗಣರಾಜ್ಯದ ನಾಣ್ಯಗಳಲ್ಲಿ ಎರಡೂ ಮುಖದ ತಲೆ ಒಂದೇ ಕಡೆ. ಹೆಬ್ಬೆರಳು ಮೇಲೆ, ನಡುಬೆರಳು ಕೆಳಗೆ ಇಟ್ಟು ಪುಸ್ತಕದ ಹಾಳಿ ತಿರುವಿದಂಗ ಅಡ್ಡಕ್ಕೆ ತಿರುವ್ರಿ, ಹಿಂದಿನ ಮುಖ ನೆಟ್ಟಗೆ ಬರಬೇಕು. ವಾಲಿದ್ದರೆ ಒಂದು ಅಚ್ಚು ಹಿಡಿಕೆಯಲ್ಲಿ ಸಡಿಲಾಗಿ ತಿರುಗಿದೆ, ಇಲ್ಲಾ ಕೂಡಿಸುವಾಗಲೇ ತಪ್ಪಾಗಿ ಕೂತಿದೆ ಅಂತ ಅರ್ಥ. ಗಡಿಯಾರದ ಲೆಕ್ಕದಲ್ಲಿ ಅಳೀರಿ: 12ರ ಜಾಗದಲ್ಲಿ ಇರಬೇಕಾದ್ದು 1ಕ್ಕೆ ಬಂದಿದ್ದರೆ 30 ಡಿಗ್ರಿ. 12 ಮತ್ತು 1ರ ನಡುಮಧ್ಯ ಅಂದ್ರೆ 15 ಡಿಗ್ರಿ. ಅದರೊಳಗಿನ ವಾಲಿಕೆಯನ್ನ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. 90, 180 ಡಿಗ್ರಿ ಸಿಕ್ಕರೆ ಬಿಡಬ್ಯಾಡ್ರಿ.

ಮೂರನೇದು: ಬಿಳಿ-ಹಳದಿ ಕೂಡುವ ಗೆರೆ ಪಕ್ಕಕ್ಕೆ ಸರಿದಿದ್ದು ವಿನ್ಯಾಸ ಮಾತ್ರ ನಾಣ್ಯದ ನಡುವೆಯೇ ನೆಟ್ಟಗಿದ್ದರೆ, ಬಳೆಯ ತೂತನ್ನೇ ಟಂಕಸಾಲೆಯಲ್ಲಿ ನಡುಬಿಟ್ಟು ಹೊಡೆದಿದ್ದಾರೆ. ಇದು ಖರೇ ಬಿಲ್ಲೆ ತಪ್ಪು. ಎರಡು ಲೋಹದ ನಡುವೆ ಸಂದು ಇದೆಯಾ ನೋಡ್ರಿ. ಪೆಟ್ಟು ಬಿದ್ದಾಗ ಎರಡೂ ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಳ್ತಾವೆ. ದೀಪಕ್ಕೆ ಹಿಡಿದಾಗ ಸಂದಿನಿಂದ ಬೆಳಕು ಬಂದರೆ, ಮೀಟಿದ ಗುರುತು ಕಂಡರೆ, ಕೈಕೆಲಸ. ನಡುವಿನ ತುಂಡೇ ಇಲ್ಲದ 10 ರೂಪಾಯಿ ಬಳೆ ಮಾರಾಟಕ್ಕೆ ಬರ್ತಾವಲ್ಲ, ಅವಕ್ಕೂ ಇದೇ ಪರೀಕ್ಷೆ. ತುಂಡಿಲ್ಲದೇ ಪೆಟ್ಟು ಬಿದ್ದಿದ್ದರೆ ತೂತಿನ ಒಳದಂಡೆಯ ಲೋಹ ಒಳಕ್ಕೆ ಹರಿದು ಉರುಟಾಗಿರ್ತದೆ. ಪೆಟ್ಟಾದ ಮೇಲೆ ತುಂಡು ಕಿತ್ತಿದ್ದರೆ ಬಳೆಯ ಮೇಲಿನ ವಿನ್ಯಾಸ ತೂತಿನ ದಂಡೆಯಲ್ಲಿ ಚಾಕುವಿನಿಂದ ಕೊಯ್ದಂಗ ನಿಂತಿರ್ತದೆ.

ನಾಲ್ಕನೇದು: ಹೆಚ್ಚು ಹೊಸಬರು ಮೋಸ ಹೋಗೋದು ಇಲ್ಲೇ. ಪೆಟ್ಟು ಬಿದ್ದ ಕೂಡಲೇ ಅಚ್ಚು ಸ್ವಲ್ಪ ಜಾರಿ ಅಂಕಿಯ ಪಕ್ಕವನ್ನ ಉಜ್ಜಿದರೆ ಮೆಟ್ಟಿಲಿನಂಥ ಚಪ್ಪಟೆ ನೆರಳು ಬೀಳ್ತದೆ, ಅಂಕಿ ಮೊದಲಿಗಿಂತ ಸಪೂರ ಆಗ್ತದೆ. ಇದು ಯಂತ್ರದ ಜೋಡಿಗೆರೆ. ಲೆಕ್ಕವಿಲ್ಲದಷ್ಟು ಸಿಗ್ತಾವೆ, ಬೆಲೆ ಇಲ್ಲ. ಖರೇ ಡಬಲ್ ಡೈನಲ್ಲಿ ಅಚ್ಚು ತಯಾರಿಸುವಾಗಲೇ ಎರಡು ಸಲ ಬೇರೆ ಬೇರೆ ಕೋನದಲ್ಲಿ ಒತ್ತಿರ್ತದೆ. ಅಲ್ಲಿ ಎರಡೂ ಅಂಕಿ ದುಂಡಗೆ, ತುಂಬಿಕೊಂಡು, ಒಂದೇ ಎತ್ತರಕ್ಕೆ ಹತ್ತಿರ ಇರ್ತಾವೆ. ಮೂಲೆಗಳಲ್ಲಿ ಹಾವಿನ ನಾಲಿಗೆಯಂಗ ಸೀಳು ಕಾಣ್ತದೆ. ಅಂಕಿ ಒಟ್ಟಾರೆ ದಪ್ಪ ಆಗಿರ್ತದೆ.

ಐದನೇದು: ಆಯಸ್ಕಾಂತ ಹಿಡೀರಿ. 1992ರಿಂದ ಬಂದ 1 ರೂಪಾಯಿ ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲು, 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಅದರಲ್ಲಿ ತಾಮ್ರವೇ ಇಲ್ಲ. ಆಯಸ್ಕಾಂತಕ್ಕೆ ಅಂಟಿ 4.85 ಗ್ರಾಂ ತೂಗಿದರೆ ಮೇಲೆ ಯಾರೋ ತಾಮ್ರದ ನೀರು ಕುಡಿಸಿದ್ದಾರೆ. ಅಂಟದಿದ್ದರೆ ಮಾತ್ರ ಮತ್ತೆ ಇಲ್ಲಿ ಹೇಳ್ರಿ, ಆಗ ಬೇರೆ ಬಿಲ್ಲೆಯ ವಿಚಾರ ನೋಡೋಣ.

ಆರನೇದು: ವಜ್ರದ ಗುರುತೂ ಇಲ್ಲದಿದ್ದರೆ ಕೋಲ್ಕತ್ತದ ನಾಣ್ಯ. ಆ ಟಂಕಸಾಲೆ ಗುರುತು ಹಾಕೋದಿಲ್ಲ. ತಪ್ಪಲ್ಲ.

ಶಹಾಪುರ ತಕ್ಕಡಿ, ಬೆಳಗಾವಿ

ಮೇಲಿನ ಉತ್ತರಕ್ಕೆ ಸಾಮಾನಿನ ಪಟ್ಟಿ, ಅಳತೆ ಸೇರಿಸುತ್ತೇನೆ.

10 ಪಟ್ಟು ದೊಡ್ಡದು ಮಾಡುವ ಲೂಪ್ ಒಂದು, ಅಕ್ಕಸಾಲಿಗರು ಬಳಸುವಂಥದ್ದು. 30 ಪಟ್ಟು, 60 ಪಟ್ಟು ಎಂದು ಮಾರುವ ಅಗ್ಗದ ಲೂಪ್‌ಗಳಲ್ಲಿ ಅಂಚೆಲ್ಲ ಬಣ್ಣ ಒಡೆದು ಕಾಣುತ್ತದೆ, ಇಲ್ಲದ ಜೋಡಿಗೆರೆ ಹುಟ್ಟುತ್ತದೆ, ಬೇಡ. 0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ. ಅಗಲ ಅಳೆಯಲು 150 ಮಿಲಿಮೀಟರ್ ಡಿಜಿಟಲ್ ಕ್ಯಾಲಿಪರ್, ಪ್ಲಾಸ್ಟಿಕ್ ಬಾಯಿಯದಾದರೆ ಒಳ್ಳೆಯದು, ಲೋಹದ ಬಾಯಿ ನಾಣ್ಯದ ಅಂಚನ್ನು ಗೀರುತ್ತದೆ. ಸಣ್ಣ ಆಯಸ್ಕಾಂತ. ಬಾಗುವ ಕತ್ತಿನ ಎಲ್‌ಇಡಿ ದೀಪ. ಮೇಜಿನ ಮೇಲೆ ಹಾಸಲು ದಪ್ಪ ಬಟ್ಟೆ. ಖಡೇಬಜಾರ, ಗಣಪತಿ ಗಲ್ಲಿಯ ಸುತ್ತ ಅಕ್ಕಸಾಲಿಗರ ಸಾಮಾನು ಮಾರುವಲ್ಲಿ ಲೂಪ್, ತಕ್ಕಡಿ ಎರಡನ್ನೂ ಕೇಳಿ ನೋಡಿ. ಕೊಳ್ಳುವ ಮೊದಲೇ ಲೂಪಿನಲ್ಲಿ ಒಂದು ನಾಣ್ಯ ಇಟ್ಟು ಪರೀಕ್ಷಿಸಬಹುದು, ಆನ್‌ಲೈನ್‌ನಲ್ಲಿ ಅದಾಗುವುದಿಲ್ಲ.

ತಕ್ಕಡಿ ಬಂದ ದಿನ ಮೊದಲು ಅದನ್ನೇ ಪರೀಕ್ಷಿಸಿ. ಸವೆಯದ ಒಂದೇ ಜಾತಿಯ ಹತ್ತು ನಾಣ್ಯ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ, ಪಟ್ಟಿಯ ತೂಕಕ್ಕೆ ಹತ್ತಿರ ಬರಬೇಕು. ಫ್ಯಾನ್ ಬಂದ್ ಮಾಡಿ ತೂಗಿ.

ಗೋಡೆಗೆ ಅಂಟಿಸಿಕೊಳ್ಳಬೇಕಾದ ಅಳತೆ:

1 ರೂಪಾಯಿ, ಕುಪ್ರೊನಿಕಲ್ (ತಾಮ್ರ, ನಿಕಲ್ ಬೆರೆತ ಲೋಹ), 1983ರಿಂದ 1991: 6 ಗ್ರಾಂ, 26 ಮಿಮೀ.
1 ರೂಪಾಯಿ, ಸ್ಟೀಲ್, 1992ರಿಂದ 2004: 4.85 ಗ್ರಾಂ, 25 ಮಿಮೀ.
2 ರೂಪಾಯಿ, 11 ಮೂಲೆಯ ಕುಪ್ರೊನಿಕಲ್, 1992ರಿಂದ 2004: 6 ಗ್ರಾಂ, 26 ಮಿಮೀ.
2 ರೂಪಾಯಿ, ಕೈಮುದ್ರೆಯ ಸ್ಟೀಲ್, 2007ರಿಂದ: 5.62 ಗ್ರಾಂ, 27 ಮಿಮೀ.
2 ರೂಪಾಯಿ, ರೂಪಾಯಿ ಚಿಹ್ನೆಯದು, 2011ರಿಂದ: 4.85 ಗ್ರಾಂ, 25 ಮಿಮೀ.
5 ರೂಪಾಯಿ, ದಪ್ಪ ಕುಪ್ರೊನಿಕಲ್: 9 ಗ್ರಾಂ, 23 ಮಿಮೀ.
5 ರೂಪಾಯಿ, ಹಳದಿ ನಿಕಲ್ ಬ್ರಾಸ್, ಚಿಹ್ನೆಯದು: 6 ಗ್ರಾಂ, 23 ಮಿಮೀ.
10 ರೂಪಾಯಿ, ಚಿಹ್ನೆಯದು: 7.71 ಗ್ರಾಂ, 27 ಮಿಮೀ.
2019ರ ಸರಣಿ: 1 ರೂಪಾಯಿ 3.09 ಗ್ರಾಂ, 20 ಮಿಮೀ. 2 ರೂಪಾಯಿ 4.07 ಗ್ರಾಂ, 23 ಮಿಮೀ; 5 ರೂಪಾಯಿ 6.74 ಗ್ರಾಂ, 25 ಮಿಮೀ. 10 ರೂಪಾಯಿ 7.74 ಗ್ರಾಂ, 27 ಮಿಮೀ. 12 ಮೂಲೆಯ 20 ರೂಪಾಯಿ 8.54 ಗ್ರಾಂ, 27 ಮಿಮೀ.

ನೂರಕ್ಕೆ ಎರಡು ಮೂರು ಪಾಲಿನ ಹೆಚ್ಚುಕಡಿಮೆಗೆ ತಲೆ ಕೆಡಿಸಿಕೊಳ್ಳಬೇಡಿ. ಹೊಸ ನಾಣ್ಯದಲ್ಲೂ ಅಷ್ಟು ವ್ಯತ್ಯಾಸ ಇರುತ್ತದೆ, ಸವೆದದ್ದರಲ್ಲಿ ಇನ್ನೂ ಹೆಚ್ಚು.

ಹುಡುಕುವ ಕ್ರಮ. ಒಂದೇ ಬೆಲೆಯ 500 ನಾಣ್ಯ ತನ್ನಿ. 2 ರೂಪಾಯಿಯಾದರೆ ಸಾವಿರ ರೂಪಾಯಿ, ನೋಡಿ ಮುಗಿದ ಮೇಲೆ ಸಂತೆಯಲ್ಲಿ ಖರ್ಚಾಗುತ್ತದೆ. ದೇವಸ್ಥಾನದ ಹುಂಡಿಯ ಚಿಲ್ಲರೆ ಕಟ್ಟುವ ಬ್ಯಾಂಕ್ ಶಾಖೆ, ಬಸ್‌ಸ್ಟ್ಯಾಂಡಿನ ಹೋಟೆಲ್, ಹಾಲಿನ ಅಂಗಡಿ, ಎಲ್ಲಿ ಚಿಲ್ಲರೆ ಹೊರೆ ಎನಿಸುತ್ತದೋ ಅಲ್ಲಿ ಕೇಳಿ, ಖುಷಿಯಿಂದ ಕೊಡುತ್ತಾರೆ. ಸವದತ್ತಿ ಯಲ್ಲಮ್ಮನ ಗುಡ್ಡ, ಬಾದಾಮಿ ಬನಶಂಕರಿ, ವಿಜಯಪುರದ ಸಿದ್ಧೇಶ್ವರ ಜಾತ್ರೆಗಳಿಗೆ ದೂರದೂರದಿಂದ ಜನ ಬರುವುದರಿಂದ ಜಾತ್ರೆ ಮುಗಿದ ವಾರ ಬೇರೆ ಬೇರೆ ಟಂಕಸಾಲೆಯ ನಾಣ್ಯ ಕಲೆತು ಸಿಗುತ್ತವೆ.

ಮೊದಲು ನಾಣ್ಯಗಳನ್ನು 20ರಂತೆ ಸಾಲಾಗಿ ಒರಗಿಸಿ ಅಂಚು ಮಾತ್ರ ನೋಡಿ. ಕಾಲರ್ ಇಲ್ಲದೆ ಪೆಟ್ಟು ಬಿದ್ದದ್ದು ಅಗಲವಾಗಿ ಸಾಲಿನಿಂದ ಹೊರಗೆ ನಿಲ್ಲುತ್ತದೆ. ಇದು ಬ್ರಾಡ್‌ಸ್ಟ್ರೈಕ್, ಅಗಲ ಹೆಚ್ಚು, ತೂಕ ಸರಿಯಾಗೇ ಇರುತ್ತದೆ, 5 ರೂಪಾಯಿಯಾದರೆ ಅಂಚಿನ ಹಲ್ಲು ಇರುವುದಿಲ್ಲ. ಸುತ್ತಿಗೆಯಿಂದ ಬಡಿದು ಅಗಲ ಮಾಡಿದ್ದರಲ್ಲಿ ಅಕ್ಷರಗಳೂ ಚಪ್ಪಟೆಯಾಗಿರುತ್ತವೆ. ಕಾಲರ್ ಅರ್ಧಕ್ಕೆ ಮೇಲೆದ್ದಿದ್ದರೆ ಅಂಚಿನಲ್ಲಿ ರೈಲು ಗಾಲಿಯ ಹಾಗೆ ಮೆಟ್ಟಿಲು ಬರುತ್ತದೆ. ತುಂಡು ಹೋದ ಬಿಲ್ಲೆಯೂ ಈ ಸಾಲಿನಲ್ಲೇ ಸಿಕ್ಕಿಬೀಳುತ್ತದೆ.

ತುಂಡು ಹೋದದ್ದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಮಾರುಕಟ್ಟೆಯಲ್ಲಿ ಕತ್ತರಿಸಿ ಮಾಡಿದ ಸುಳ್ಳು ಬಹಳ. ಪಟ್ಟಿ ಸರಿಯಾಗಿ ಮುಂದೆ ಸರಿಯದೆ ಕತ್ತರಿ ಹಿಂದಿನ ತೂತಿನ ಮೇಲೆ ಬಿದ್ದರೆ ಬಿಲ್ಲೆಯಲ್ಲಿ ಅರ್ಧಚಂದ್ರಾಕಾರದ ಕೊರತೆ ಉಂಟಾಗುತ್ತದೆ. ಆ ಬಿಲ್ಲೆ ಅಂಚು ಒತ್ತುವ ಯಂತ್ರದಲ್ಲಿ ಉರುಳುವಾಗ, ಕೊರತೆಯ ಜಾಗದಲ್ಲಿ ಒತ್ತಲು ಲೋಹವೇ ಇಲ್ಲದ್ದರಿಂದ ಸರಿ ಎದುರಿನ ಬದಿಗೂ ಒತ್ತಡ ಬೀಳುವುದಿಲ್ಲ. ಹಾಗಾಗಿ ಖರೆಯ ನಾಣ್ಯದಲ್ಲಿ ಕೊರತೆಗೆ ನೇರ ಎದುರು ಅಂಚಿನ ದಿಂಡು ಮಸುಕಾಗಿರುತ್ತದೆ. ಜೊತೆಗೆ ಕೊರತೆಯ ಹತ್ತಿರದ ಅಕ್ಷರಗಳು ಆ ಕಡೆಗೆ ಎಳೆದಂತೆ ಉದ್ದವಾಗಿ ತೆಳುವಾಗುತ್ತವೆ. ಇವೆರಡೂ ಇಲ್ಲದೆ ಅಕ್ಷರ ಅರ್ಧಕ್ಕೆ ತುಂಡಾಗಿ ನಿಂತಿದ್ದರೆ ಅದು ಕತ್ತರಿಸಿದ ನಾಣ್ಯ. ಎದುರು ಅಂಚಿನ ಮಸುಕು ಎಲ್ಲ ಖರೆಯವುಗಳಲ್ಲೂ ಸ್ಪಷ್ಟವಾಗಿರುವುದಿಲ್ಲ, ಸಣ್ಣ ಕೊರತೆಯಲ್ಲಿ ಕಾಣದೆ ಹೋಗಬಹುದು. ಆಗ ಲೋಹದ ಎಳೆತವನ್ನೇ ನಂಬಿ.

ಅಂಚು ಆದ ಮೇಲೆ ತಿರುವಿ ವಾಲಿಕೆ, ಆಮೇಲೆ ಇಸವಿಯ ಮುಖ, ಕಡೆಗೆ ಸಿಂಹದ ಮುಖ. ಸಿಂಹದ ಕೆಳಗಿನ ‘ಸತ್ಯಮೇವ ಜಯತೇ’ ಅರ್ಧ ಮಾಯವಾಗಿದ್ದರೆ ಅಚ್ಚಿನ ಆ ತಗ್ಗಿನಲ್ಲಿ ಗ್ರೀಸು ತುಂಬಿತ್ತು ಎಂದರ್ಥ. ಎಲ್ಲ ಕಡೆಯೂ ಮಸುಕಾಗಿದ್ದರೆ ಬರೀ ಸವಕಳಿ. 0, 6, 8, 9 ಅಂಕಿಗಳ ಹೊಟ್ಟೆ ತುಂಬಿರುವುದು ಅಚ್ಚಿನ ಸಣ್ಣ ಚಕ್ಕೆ ಹಾರಿದ್ದರಿಂದ. ಬಹಳ ಸಾಮಾನ್ಯ, ಕಲಿಯಲು ಒಂದೆರಡು ಇಟ್ಟುಕೊಂಡರೆ ಸಾಕು. 500 ನಾಣ್ಯಕ್ಕೆ ಒಂದೂ ಒಳ್ಳೆಯದು ಸಿಗದಿದ್ದರೆ ಬೇಜಾರಾಗಬೇಡಿ, ಅದೇ ಸಹಜ.

ಘಟಪ್ರಭಾ ದಂಡೆ, ಮುಧೋಳ

ಒಂದೇ ಮಾತು, ಆದರೆ ಬಹಳ ಮುಖ್ಯ: ತೊಳೀಬ್ಯಾಡ್ರಿ. ದೇವರ ಪಾತ್ರೆ ತಿಕ್ಕಿದಂಗ ಹುಣಸೆಹಣ್ಣು, ನಿಂಬೆಹುಳಿ, ವಿಭೂತಿ, ಪಾಲಿಶ್ ಯಾವುದೂ ನಾಣ್ಯದ ಹತ್ರ ತರಬ್ಯಾಡ್ರಿ. ಹುಳಿ ಮೇಲಿನ ಪದರವನ್ನ ತಿಂದು ಹಾಕ್ತದೆ, ಪುಡಿ ಸಾವಿರಾರು ಗೆರೆ ಬೀಳಿಸ್ತದೆ. ಯಂತ್ರದ ಜೋಡಿಗೆರೆಯನ್ನ ಖರೇ ಡಬಲ್ ಡೈನಿಂದ ಬೇರೆ ಮಾಡಾಕ ಬೇಕಾದ ಸಣ್ಣ ಮೂಲೆಗಳೇ ಅಳಿಸಿ ಹೋಗ್ತಾವೆ.

ಜಿಡ್ಡು, ಗೋಂದು ಅಂಟಿದ್ದರೆ ಶುದ್ಧ ಅಸಿಟೋನ್ ಗಾಜಿನ ಬಟ್ಟಲಿಗೆ ಹಾಕಿ ಹತ್ತು ನಿಮಿಷ ಇಡ್ರಿ, ಎತ್ತಿ ಹಂಗೇ ಆರಲಿ, ಒರಸಬ್ಯಾಡ್ರಿ. ಉಗುರುಬಣ್ಣ ತೆಗೆಯೋ ದ್ರಾವಣ ಬ್ಯಾಡ, ಅದರಲ್ಲಿ ಎಣ್ಣೆ, ಬಣ್ಣ ಕೂಡಿರ್ತದೆ. ಅಸಿಟೋನ್ ಬೆಂಕಿ ಹತ್ತುವ ವಸ್ತು, ಒಲೆ ಇರೋ ಅಡುಗೆಮನೆಯಲ್ಲಿ ಅಲ್ಲ, ಕಿಟಕಿ ತೆರೆದ ಕೋಣೆಯಲ್ಲಿ ಮಾಡ್ರಿ.

ಇಡೋದು: ಮೆತ್ತನೆ ಪಿವಿಸಿ ಪುಟದ ಆಲ್ಬಂ ಬ್ಯಾಡ. ಬಾಗಲಕೋಟೆ, ವಿಜಯಪುರದ ಏಪ್ರಿಲ್ ಸೆಖೆಗೆ ಆ ಪ್ಲಾಸ್ಟಿಕ್ ಬೆವರಿ ತಾಮ್ರ ಇರೋ ನಾಣ್ಯದ ಮೇಲೆ ಹಸಿರು ಜಿಗಟು ಬಿಡ್ತದೆ. ಮೈಲಾರ್ ಅನ್ನೋ ಪಾರದರ್ಶಕ ಹಾಳಿಯ ಕಿಟಕಿ ಇರೋ ರಟ್ಟಿನ ಹೋಲ್ಡರ್ ತಗೊಳ್ರಿ, ಪಿನ್ ಹೊಡೆದ ಮೇಲೆ ಇಕ್ಕಳದಿಂದ ಚಪ್ಪಟೆ ಮಾಡ್ರಿ, ಇಲ್ಲಂದ್ರ ಪಕ್ಕದ ನಾಣ್ಯ ಗೀರ್ತದೆ. ಬೆಳಗಾವಿ ಕಡೆಯವರಿಗೆ ಸಮಸ್ಯೆ ಬೇರೆ: ಮಳೆಗಾಲದ ಥಂಡಿ. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಥಂಡಿ ಹೀರೋ ಸಿಲಿಕಾ ಜೆಲ್, ಬಣ್ಣ ಬದಲಾದ ಕೂಡಲೇ ಒಣಗಿಸಿ ಮತ್ತೆ ಹಾಕ್ರಿ.

ನವನಗರ ಚಿಲ್ಲರೆ, ಬಾಗಲಕೋಟೆ

ತಕ್ಕಡಿ, ಕ್ಯಾಲಿಪರ್ ಬಂತ್ರಿ. ತಾಮ್ರದ ಬಣ್ಣದ್ದು 4.86 ಗ್ರಾಂ, ಆಯಸ್ಕಾಂತಕ್ಕ ಗಪ್ಪನ ಅಂಟ್ತು. ನಾಲ್ಕನೇದರ ಅಂಕಿ ಲೂಪಿನ್ಯಾಗ ಮೆಟ್ಟಿಲಿನಂಗ ಚಪ್ಪಟೆ. ಎರಡೂ ಅಂಗಡಿಗೆ ಹೋದವು. 5 ರೂಪಾಯಿ ಗೆರೆ ಉಬ್ಬೇ ಐತಿ. 1995ರದ್ದು 12ರಿಂದ 2ರ ತನಕ ವಾಲೈತಿ.

ಒಂದು ಹೊಸ ಪ್ರಶ್ನೆ: ಆರನೇ ನಾಣ್ಯ, 2 ರೂಪಾಯಿ, 4.85 ಗ್ರಾಂ ಬಂತು. ಪಟ್ಟಿಯೊಳಗ 5.62 ಅಂತ ಐತಲ್ಲ. 1 ರೂಪಾಯಿ ಬಿಲ್ಲೆ ಮ್ಯಾಲ 2 ರೂಪಾಯಿ ಅಚ್ಚು ಬಿದ್ದಿರಬಹುದಾ?

ಶಹಾಪುರ ತಕ್ಕಡಿ, ಬೆಳಗಾವಿ

ಅಗಲ ಎಷ್ಟು, ರೂಪಾಯಿ ಚಿಹ್ನೆ ಇದೆಯೇ ನೋಡಿ. ಚಿಹ್ನೆ ಇದ್ದು 25 ಮಿಮೀ ಇದ್ದರೆ ಅದು 2011ರ ಸರಣಿಯ ಸರಿಯಾದ 2 ರೂಪಾಯಿ, ತೂಕ 4.85 ಇರಲೇಬೇಕು. ಹಳೆಯ ಸ್ಟೀಲ್ 1 ರೂಪಾಯಿಗೂ ಇದಕ್ಕೂ ತೂಕ, ಅಗಲ ಎರಡೂ ಒಂದೇ. ಈ ಗೊಂದಲ ಎಲ್ಲರಿಗೂ ಆಗುತ್ತದೆ. ಕೈಮುದ್ರೆಯ 2 ರೂಪಾಯಿ 25 ಮಿಮೀ ಇದ್ದು 4.85 ತೂಗಿದರೆ ಮಾತ್ರ ನೀವು ಹೇಳಿದ ಅನುಮಾನ ನಿಲ್ಲುತ್ತದೆ. ಆಗ ಅಂಚಿನ ಬರಹವೂ ಪೂರ್ತಿ ಕೂತಿರಬಾರದು, ದೊಡ್ಡ ಅಚ್ಚು ಸಣ್ಣ ಬಿಲ್ಲೆಯ ಮೇಲೆ ಬಿದ್ದರೆ ಅಕ್ಷರಗಳು ಅಂಚಿನಾಚೆ ಹೋಗುತ್ತವೆ.

60 ಡಿಗ್ರಿ ವಾಲಿದ 1995ರ ನಾಣ್ಯ ಚೆನ್ನಾಗಿದೆ. ಹೋಲ್ಡರ್ ಮೇಲೆ ಡಿಗ್ರಿ, ವಾಲಿದ ದಿಕ್ಕು ಎರಡನ್ನೂ ಬರೆಯಿರಿ.

ಈಗ ಅಚ್ಚಿನ ಭೇದ. ಹೊಸಬರು ನಾಲ್ಕು ಬೇರೆ ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಾರೆ.

ವಿನ್ಯಾಸವನ್ನೇ ಬದಲಿಸಿದ್ದು ಭೇದವಲ್ಲ, ಹೊಸ ಮಾದರಿ. 10 ರೂಪಾಯಿಯಲ್ಲಿ 15 ಕಿರಣ, 10 ಕಿರಣ ಎರಡೂ ಇವೆ. ಚಿಹ್ನೆ ಬಂದಾಗ ಕಿರಣ 10 ಆಯಿತು. ನಮ್ಮ ಕಡೆ ಕೆಲವು ಅಂಗಡಿಗಳಲ್ಲಿ 10ರ ನಾಣ್ಯವನ್ನೇ ತೆಗೆದುಕೊಳ್ಳದಿರುವುದು ಈ ತಪ್ಪುಕಲ್ಪನೆಯಿಂದ. ಆಗ ಚಲಾವಣೆಯಲ್ಲಿದ್ದ 14 ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. 2022ರಲ್ಲಿ ಬಂದ ಅಮೃತ ಮಹೋತ್ಸವದ ಲಾಂಛನದ ನಾಣ್ಯಗಳೂ ಹಾಗೆಯೇ, ಅಪರೂಪದ ತಪ್ಪಲ್ಲ.

ಟಂಕಸಾಲೆಯ ಗುರುತು ಇನ್ನೊಂದು. ಇಸವಿಯ ಕೆಳಗೆ ವಜ್ರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಹೈದರಾಬಾದ್ ಕೆಲವು ವರ್ಷ ಸೀಳಿದ ವಜ್ರ, ಒಳಗೆ ಚುಕ್ಕೆಯಿರುವ ವಜ್ರ ಬಳಸಿದೆ, ಅದನ್ನು ಸವೆದ ಮುಂಬೈ ವಜ್ರ ಎಂದು ತಪ್ಪಾಗಿ ಓದುತ್ತಾರೆ. ನೋಯ್ಡಾ ಟಂಕಸಾಲೆ ಶುರುವಾದದ್ದೇ 1988ರಲ್ಲಿ, ಅದಕ್ಕಿಂತ ಹಳೆಯ ನಾಣ್ಯದ ಚುಕ್ಕೆ ನೋಯ್ಡಾದ್ದಲ್ಲ. ಹೊರದೇಶದಲ್ಲಿ ಅಚ್ಚಾದವೂ ಇವೆ: 1985ರ 1 ರೂಪಾಯಿಯಲ್ಲಿ ಇಸವಿಯ ಕೆಳಗೆ ‘ಎಚ್’ ಅಕ್ಷರ ಇದ್ದರೆ ಬರ್ಮಿಂಗ್‌ಹ್ಯಾಮ್‌ನದು, 1999ರ 5 ರೂಪಾಯಿಯಲ್ಲಿ ಮೂರು ರಷ್ಯನ್ ಅಕ್ಷರ ಇದ್ದರೆ ಮಾಸ್ಕೋದ್ದು.

ಖರೆಯ ಅಚ್ಚಿನ ಭೇದ ಎಂದರೆ ಒಂದೇ ಮಾದರಿ, ಒಂದೇ ಇಸವಿ, ಒಂದೇ ಟಂಕಸಾಲೆಯಾಗಿದ್ದೂ ಅಚ್ಚು ಮಾಡುವಾಗಲೇ ಬಂದ ವ್ಯತ್ಯಾಸ: ಇಸವಿಯ ಅಂಕಿ ಅಂಚಿಗೆ ಹತ್ತಿರ ಅಥವಾ ದೂರ, ಅಂಕಿ ದೊಡ್ಡದು ಅಥವಾ ಸಣ್ಣದು, ಟಂಕಸಾಲೆ ಗುರುತು ಎರಡು ಸಲ ಒತ್ತಿದ್ದು, ಡಬಲ್ ಡೈ. ಹಳೆಯ ಕಾಲದ್ದರಲ್ಲಿ ಇದಕ್ಕೆ ಒಳ್ಳೆಯ ಪಾಠ 1862ರ ರಾಣಿ ವಿಕ್ಟೋರಿಯಾ ರೂಪಾಯಿ. ಆ ಇಸವಿಯನ್ನು ಬದಲಿಸದೆ 1874ರ ತನಕ ಅಚ್ಚು ಹಾಕಿದರು, ನಿಜವಾದ ವರ್ಷ ತಿಳಿಯಲು ಚುಕ್ಕೆಗಳನ್ನು ಸೇರಿಸುತ್ತ ಹೋದರು. ಚುಕ್ಕೆ ಎಣಿಸುವುದೇ ಆ ಸಂಗ್ರಹದ ಜೀವ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಎಂದು ಜನ ಸಿಟ್ಟಾಗಿ, ಅಚ್ಚಾದ ಸುಮಾರು 94 ಲಕ್ಷದಲ್ಲಿ ಸುಮಾರು 7 ಲಕ್ಷ ಮಾತ್ರ ಹೊರಬಂದವು, 1912ರಿಂದ ಆನೆಯನ್ನು ತಿದ್ದಿದರು. ಅದು ವಿನ್ಯಾಸದ ತಿದ್ದುಪಡಿ, ಎರರ್ ಎಂದು ಮಾರುವುದು ಸರಿಯಲ್ಲ.

ನಾಲ್ಕನೆಯದು ಅಚ್ಚಿನ ವಯಸ್ಸು. ಇದೇ ನನಗೆ ಎಲ್ಲಕ್ಕಿಂತ ರುಚಿಯಾದ ಕೆಲಸ, ಖರ್ಚೂ ಇಲ್ಲ. ಒಂದು ಅಚ್ಚು ಸಾವಿರಗಟ್ಟಲೆ ನಾಣ್ಯ ಒತ್ತುತ್ತದೆ, ಒತ್ತುತ್ತ ಮುದಿಯಾಗುತ್ತದೆ. ಮೊದಲು ನಯವಾದ ಮೈ, ಆಮೇಲೆ ಅಂಚಿನ ಕಡೆಗೆ ಹರಿದ ಗೆರೆಗಳು, ಕೂದಲಿನಂಥ ಕ್ರ್ಯಾಕ್, ಕ್ರ್ಯಾಕಿಗೆ ಕವಲು, ಕಡೆಗೆ ಕಡ್. ನಿಮ್ಮ 5 ರೂಪಾಯಿ ಕ್ರ್ಯಾಕಿನ ಜಾಗವನ್ನು ಗಡಿಯಾರದ ಲೆಕ್ಕದಲ್ಲಿ ಬರೆದಿಡಿ: ‘5ರ ಬುಡದಿಂದ 7 ಗಂಟೆಗೆ’ ಎಂಬ ಹಾಗೆ. ಅದೇ ಇಸವಿ, ಅದೇ ಗುರುತಿನ ನಾಣ್ಯ ಸಿಕ್ಕಾಗಲೆಲ್ಲ ಆ ಜಾಗ ಮೊದಲು ನೋಡಿ. ಅದೇ ಕ್ರ್ಯಾಕ್ ಗಿಡ್ಡವಾಗಿ ಸಿಕ್ಕರೆ ಅಚ್ಚಿನ ಎಳೆ ವಯಸ್ಸು, ಉದ್ದವಾಗಿ ಸಿಕ್ಕರೆ ಮುಪ್ಪು. ಮೂರು ಹಂತ ಒಂದೇ ಸಾಲಿನಲ್ಲಿ ಇಟ್ಟರೆ ಬಿಡಿ ಕ್ರ್ಯಾಕ್ ನಾಣ್ಯ ನೂರು ಇಟ್ಟಿದ್ದಕ್ಕಿಂತ ಹೆಚ್ಚು ಅರ್ಥ ಬರುತ್ತದೆ.

ಶುರುಮಾಡಲು 1992ರಿಂದ 2004ರ ಸ್ಟೀಲ್ 1 ರೂಪಾಯಿ ಹಿಡಿಯಿರಿ. ಹದಿಮೂರು ಇಸವಿ, ನಾಲ್ಕು ಟಂಕಸಾಲೆ, ನಡುವೆ ಕೆಲವು ಹೊರದೇಶದ ಗುರುತು. ಒಂದು ನೋಟ್‌ಬುಕ್ಕಿನಲ್ಲಿ ಚೌಕ ಹಾಕಿ ಸಿಕ್ಕಂತೆ ತುಂಬಿ. ಸರಿಯಾದ ನಾಣ್ಯ ಕಣ್ಣಿಗೆ ಕೂತ ಮೇಲೆ ತಪ್ಪು ತಾನಾಗಿ ಎದ್ದು ಕಾಣುತ್ತದೆ.

ಕೆರೂರು ಸಂತೆ, ಬಾಗಲಕೋಟೆ

ಬೆಲೆ ವಿಚಾರ ಯಾರೂ ಹೇಳಲಿಲ್ಲ. ವೈಷ್ಣೋದೇವಿಯ 5, 10 ರೂಪಾಯಿಗೆ ಲಕ್ಷ ಕೊಡ್ತೀವಿ ಅನ್ನೋ ವಿಡಿಯೋ ಮನೆಮನೆಗೂ ಬಂದಾವೆ. ಖರೇನಾ?

ಗುಮ್ಮಟದ ನೆರಳು, ವಿಜಯಪುರ

ಅಲ್ಲ. ಅವು 2012ರಲ್ಲಿ ಬಂದ ಸ್ಮಾರಕ ನಾಣ್ಯ, ಚಲಾವಣೆಯಲ್ಲಿ ಬೇಕಾದಷ್ಟು ಸಿಕ್ಕಾವೆ. ಆ ವಿಡಿಯೋದ ಕಡೆಗೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಅಂತ ನಿಮ್ಮ ಕಡೆಯಿಂದಲೇ ರೊಕ್ಕ ಹಾಕಿಸಿಕೊಳ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಹಾಕಿ ಹಿಂಗ ಕೇಳಿದ್ರೂ ನಂಬಬ್ಯಾಡ್ರಿ. ತಾನು ಇಂಥ ವ್ಯವಹಾರ ಮಾಡೋದಿಲ್ಲ, ಯಾರಿಗೂ ಪರವಾನಗಿ ಕೊಟ್ಟಿಲ್ಲ ಅಂತ 2021ರ ಆಗಸ್ಟಿನಲ್ಲಿ ಬ್ಯಾಂಕೇ ಎಚ್ಚರಿಸಿದೆ.

ಬೆಲೆ ತಿಳಿಯಾಕ ಮಾರುವವರು ಕೇಳಿದ ಬೆಲೆ ನೋಡಬ್ಯಾಡ್ರಿ. ಹರಾಜು ಮನೆಗಳ ಹಳೇ ಪಟ್ಟಿಯಲ್ಲಿ ಖರೇ ಮಾರಾಟವಾದ ಬೆಲೆ ನೋಡ್ರಿ. ಸಣ್ಣ ಕ್ರ್ಯಾಕ್, ತುಂಬಿದ ಅಂಕಿ, ಯಂತ್ರದ ಜೋಡಿಗೆರೆ ಮುಖಬೆಲೆಗೇ ಉಳೀತಾವೆ. ಚಿತ್ರ ಅರ್ಧಕ್ಕಿಂತ ಹೆಚ್ಚು ಪಕ್ಕಕ್ಕೆ ಸರಿದೂ ಇಸವಿ ಕಾಣುವ ಆಫ್ ಸೆಂಟರ್, ದೊಡ್ಡ ಕಡ್, ಬೇರೆ ಬಿಲ್ಲೆ, ಬ್ರಾಕೇಜ್ ಇವಕ್ಕೆ ಗಿರಾಕಿ ಇದ್ದಾರೆ. ಇಸವಿ ಕಾಣದ ಆಫ್ ಸೆಂಟರಿಗೆ ಬೆಲೆ ಕಡಿಮೆ ಆಗ್ತದೆ.

ವ್ಯಾಪಾರಸ್ಥರು ಲಖಿ ಅನ್ನೋದು ಬ್ರಾಕೇಜಿಗೇ. ಮೊದಲಿನ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಗೆ ಅಚ್ಚಿನ ಬದಲು ಆ ನಾಣ್ಯವೇ ಒತ್ತಿದಾಗ ಹುಟ್ತದೆ. ಒಂದು ಮುಖ ಸರಿಯಾಗಿ, ಇನ್ನೊಂದರಲ್ಲಿ ಅದೇ ಚಿತ್ರ ಕನ್ನಡಿಯೊಳಗಿನಂಗ ತಿರುವಿ, ತಗ್ಗಾಗಿ ಕಾಣ್ತದೆ. ಅಂಟಿದ ನಾಣ್ಯ ಪೆಟ್ಟು ತಿಂದಂಗೆಲ್ಲ ಅಗಲಾಗೋದರಿಂದ ಮುಂದಿನವುಗಳಲ್ಲಿ ಚಿತ್ರ ದೊಡ್ಡದಾಗಿ ಮಸುಕಾಗ್ತದೆ. ಮೊದಲ ಪೆಟ್ಟಿನದು ಚೂಪು, ಅದಕ್ಕೇ ಬೆಲೆ ಹೆಚ್ಚು. ಸುಳ್ಳು ಮಾಡುವವರು ಎರಡು ನಾಣ್ಯ ಜೋಡಿಸಿ ತಿರುಪಿನ ಇಕ್ಕಳ ಅಂದ್ರೆ ವೈಸ್‌ನಲ್ಲಿ ಬಿಗೀತಾರೆ. ಆಗ ತಗ್ಗಿನ ಚಿತ್ರದ ಅಡಿಯಲ್ಲಿ ಮೊದಲಿನ ವಿನ್ಯಾಸ ಚಪ್ಪಟೆಯಾಗಿ ಉಳಿದಿರ್ತದೆ, ಹಿಂಬದಿಯೂ ನುಗ್ಗಾಗಿರ್ತದೆ. ಖರೇ ಬ್ರಾಕೇಜಿನಲ್ಲಿ ಹಳೇ ವಿನ್ಯಾಸದ ಎಳೆಯೂ ಇರೋದಿಲ್ಲ, ಯಾಕಂದ್ರ ಆ ಮುಖಕ್ಕೆ ಅಚ್ಚು ಮುಟ್ಟೇ ಇಲ್ಲ.

ಕಲಿಯಾಕ ಅಂತ ನೀವೇ ವೈಸ್‌ನಲ್ಲಿ ಹಾಕಿ ನೋಡಬ್ಯಾಡ್ರಿ. ನಾಣ್ಯ ಕರಗಿಸೋದು, ಹಾಳುಮಾಡೋದು 2011ರ ನಾಣ್ಯ ಕಾಯ್ದೆಯಲ್ಲಿ ಶಿಕ್ಷೆಗೆ ಗುರಿಯಾಗೋ ಅಪರಾಧ.

ಕೆರೂರು ಸಂತೆ, ಬಾಗಲಕೋಟೆ

ಆದಿಲ್‌ಶಾಹಿ ತಾಮ್ರದ ದುಡ್ಡಿನಲ್ಲಿ ಅಕ್ಷರ ಅರ್ಧ ಹೊರಗೆ ಹೋಗಿದ್ದರೆ ಅದೂ ಆಫ್ ಸೆಂಟರ್ ಎರರ್ ಅಂತ ಹೆಚ್ಚು ಬೆಲೆ ಹೇಳ್ತಾರಲ್ಲ?

ಗುಮ್ಮಟದ ನೆರಳು, ವಿಜಯಪುರ

ಅದು ಎರರ್ ಅಲ್ಲ. ಆ ಕಾಲದ ನಾಣ್ಯಕ್ಕೆ ಕಾಲರ್ ಇಲ್ಲ. ಕೈಯಿಂದ ಕತ್ತರಿಸಿದ ತಾಮ್ರದ ತುಂಡು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೀತಿದ್ದರು, ಅಚ್ಚು ಬಹಳ ಸಲ ತುಂಡಿಗಿಂತ ದೊಡ್ಡದೇ ಇರ್ತಿತ್ತು. ಬರಹ ಪೂರ್ತಿ ಕೂತ ನಾಣ್ಯಕ್ಕೇ ಅಲ್ಲಿ ಹೆಚ್ಚು ಬೆಲೆ, ಹೊರಗೆ ಹೋದದ್ದಕ್ಕೆ ಅಲ್ಲ. ಎರಡನೇ ಅಲಿ ಆದಿಲ್‌ಶಾಹನ ಲಾರಿ ಅನ್ನೋ ಬೆಳ್ಳಿ ನಾಣ್ಯವನ್ನೇ ನೋಡ್ರಿ, ತಂತಿಯನ್ನ ಮಡಿಚಿ ಅದರ ಮೇಲೆ ಅಚ್ಚು ಒತ್ತಿದ್ದು, ಬರಹದ ಒಂದು ಪಟ್ಟಿ ಮಾತ್ರ ಕಾಣ್ತದೆ. ಅದೇ ಅದರ ಸರಿಯಾದ ರೂಪ.

ಇನ್ನೊಂದು ವಿಷಯ: ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯೊಳಗೆ ಬರ್ತದೆ, ದೇಶದ ಹೊರಗೆ ಕಳಿಸುವಂಗಿಲ್ಲ. ಹೊಲ ಉಳುವಾಗ, ಮನೆ ಬುನಾದಿ ತೋಡುವಾಗ ಗಡಿಗೆ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಹಂಚಿಕೊಳ್ಳುವಂಗಿಲ್ಲ. ವ್ಯಾಪಾರಸ್ಥರ ಕಡೆಯಿಂದ ಒಂದೆರಡು ತಾಮ್ರದ ದುಡ್ಡು ಕೊಂಡರೆ ಬಿಲ್ ತಗೊಳ್ರಿ. ಇಲ್ಲಿ ತೋರಿಸುವಾಗ ತೂಕ, ಅಗಲ, ದಪ್ಪ ಬರೆದು, ಎರಡೂ ಮುಖದ ಫೋಟೋ ಒಂದೇ ದೀಪದಲ್ಲಿ, 10 ಗಂಟೆ ದಿಕ್ಕಿನಿಂದ ಬೆಳಕು ಬಿಟ್ಟು ತೆಗೀರಿ. ಹಸಿರು ಪದರ ಕೆರೀಬ್ಯಾಡ್ರಿ, ಬರಹ ಆ ಪದರದಲ್ಲೇ ನಿಂತಿರ್ತದೆ.